ಆ ಎರಡನೆಯ ಟಿಕ್ ಹಾಕಬೇಡಿ

ಪ್ರಶ್ನೆ: ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಕೇಂದ್ರ. ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ಕರಪತ್ರ ಇವೇ ಕೆಲಸ. ಮೂರು ವರ್ಷದ ಹಿಂದೆ ಹಳೆಯ ಹಾರ್ಡ್ ಡಿಸ್ಕ್ ಪಕ್ಕದಲ್ಲಿ 500 ಜಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಫ್ಲ್ಯಾಶ್ ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಹಾಕಿಸಿದೆ. ವಿಂಡೋಸ್ 11, ರ‍್ಯಾಮ್ 8 ಜಿಬಿ. ಈಚೆಗೆ ಊರಿಗೆ ಬಂದಿದ್ದ ಅಕ್ಕನ ಮಗ ‘ಮಾವ, ಎಸ್‌ಎಸ್‌ಡಿಗೆ ತಕ್ಕಂತೆ ವಿಂಡೋಸನ್ನು ಹದಮಾಡಿಯೇ ಇಲ್ಲವಲ್ಲ, ಹೀಗೇ ಬಿಟ್ಟರೆ ಬೇಗ ಸವೆದುಹೋಗುತ್ತದೆ’ ಎಂದು ನಾಲ್ಕು ಬದಲಾವಣೆ ಬರೆದುಕೊಟ್ಟು ಹೋದ. ಡಿವೈಸ್ ಮ್ಯಾನೇಜರಿನಲ್ಲಿ ಡಿಸ್ಕಿನ ‘ಪಾಲಿಸೀಸ್’ ಪುಟದ ಎರಡೂ ಟಿಕ್ ಹಾಕುವುದು, ಸಿಸ್‌ಮೇನ್ ಎಂಬ ಸೇವೆಯನ್ನು ನಿಲ್ಲಿಸುವುದು, ಪೇಜ್ ಫೈಲನ್ನು ಹಳೆಯ ಹಾರ್ಡ್ ಡಿಸ್ಕಿಗೆ ಸಾಗಿಸುವುದು, ರ‍್ಯಾಮಿನಲ್ಲಿ ಕ್ಯಾಶ್ ಮಾಡುವ ತಂತ್ರಾಂಶವೊಂದನ್ನು ಹಾಕಿಕೊಳ್ಳುವುದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆರೆದರೆ ಇದುವರೆಗೆ ಬರೆದದ್ದು 11 ಟಿಬಿ ಎಂದು ತೋರಿಸುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗಿಬಂದು ಮಾಡುತ್ತಲೇ ಇರುತ್ತದೆ. ಯುಪಿಎಸ್ ಇದೆ, ಬ್ಯಾಟರಿ ಸತ್ತಿದೆ. ಏನು ಮಾಡಲಿ?
— ಡಿಟಿಪಿ ಕೇಂದ್ರದ ಮಾಲೀಕರು, ಸಾಗರ

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ. ಬ್ಯಾಟರಿ ಸತ್ತ ಯುಪಿಎಸ್ ಇಟ್ಟುಕೊಂಡು ಆ ಎರಡನೆಯ ಟಿಕ್ ಹಾಕಬೇಡಿ. ಈಗಾಗಲೇ ಹಾಕಿದ್ದರೆ ಪತ್ರಿಕೆಯನ್ನು ಇಲ್ಲಿಗೇ ಮಡಚಿಟ್ಟು, ಹೋಗಿ ಟಿಕ್ ತೆಗೆದು ಬನ್ನಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಕ್ಯಾಶ್ ಎಂದರೆ ಇಲ್ಲಿ ನಗದಲ್ಲ, ಸರಕನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಜಾಗ. ನೀವು ಅಡಿಕೆ ಸೀಮೆಯವರು, ಆದ್ದರಿಂದ ಹೀಗೆ ಹೇಳುತ್ತೇನೆ. ಗಾಡಿಯಲ್ಲಿ ಚೀಲಗಳು ಬಂದಿವೆ. ಒಂದೊಂದನ್ನೂ ಅಟ್ಟಕ್ಕೆ ಹೊತ್ತು ಇಟ್ಟು ಬಂದ ಮೇಲೆಯೇ ಮುಂದಿನದಕ್ಕೆ ಕೈಹಾಕುವುದಾದರೆ ಗಾಡಿ ಸಂಜೆಯವರೆಗೂ ಅಂಗಳದಲ್ಲೇ ನಿಲ್ಲಬೇಕು. ಅದಕ್ಕೆ ಮೊದಲು ಎಲ್ಲವನ್ನೂ ಜಗುಲಿಗೆ ಇಳಿಸಿಕೊಂಡು ಗಾಡಿಯನ್ನು ಕಳಿಸುತ್ತಾರೆ, ಆಮೇಲೆ ಒಳಗೆ ಸಾಗಿಸುತ್ತಾರೆ. ಆ ಜಗುಲಿಯೇ ರೈಟ್ ಕ್ಯಾಶ್. ನಿಮ್ಮ ಯಂತ್ರದಲ್ಲಿ ಅಂಥ ಜಗುಲಿ ಎರಡಿವೆ: ವಿಂಡೋಸ್ ರ‍್ಯಾಮಿನಲ್ಲಿ ಮಾಡಿಕೊಂಡದ್ದು ಒಂದು, ಎಸ್‌ಎಸ್‌ಡಿಯ ಒಳಗೇ ಇರುವುದು ಇನ್ನೊಂದು. ಎರಡಕ್ಕೂ ಕರೆಂಟ್ ಇರುವವರೆಗೆ ಮಾತ್ರ ನೆನಪು.

ಪಾಲಿಸೀಸ್ ಪುಟದ ಮೊದಲನೆಯ ಟಿಕ್ ಎಸ್‌ಎಸ್‌ಡಿಯ ಒಳಗಿನ ಜಗುಲಿಯನ್ನು ಬಳಸಲು ಕೊಡುವ ಅನುಮತಿ. ಯಂತ್ರದೊಳಗಿನ ಡಿಸ್ಕುಗಳಿಗೆ ವಿಂಡೋಸ್ ಅದನ್ನು ತಾನೇ ಹಾಕಿಟ್ಟಿರುತ್ತದೆ. ಹಾಗೇ ಇರಲಿ. ಫ್ಲ್ಯಾಶ್ ಚಿಪ್ಪಿನ ಸ್ವಭಾವವೇ ಅಂಥದ್ದು: ಬರೆಯುವುದು ಕೆಲವು ಕಿಲೋಬೈಟಿನ ಪುಟಗಳಲ್ಲಿ, ಅಳಿಸುವುದು ಮಾತ್ರ ಮೆಗಾಬೈಟುಗಟ್ಟಲೆ ದೊಡ್ಡ ಬ್ಲಾಕುಗಳಲ್ಲಿ. ಚಿಲ್ಲರೆ ಬರಹಗಳನ್ನು ಒಟ್ಟುಮಾಡಿಕೊಂಡು ಒಮ್ಮೆಗೇ ಬರೆದರೆ ಅದಕ್ಕೆ ವೇಗವೂ ಹೌದು, ಸವೆತವೂ ಕಡಿಮೆ. ಎಸ್‌ಎಸ್‌ಡಿಯ ಆಯುಷ್ಯ ಹೆಚ್ಚಲಿ ಎಂದು ಈ ಮೊದಲ ಟಿಕ್ಕನ್ನು ತೆಗೆಯುವವರೂ ಇದ್ದಾರೆ. ಅದರಿಂದ ಆಗುವುದು ತದ್ವಿರುದ್ಧ.

ಎರಡನೆಯ ಟಿಕ್ ಬೇರೆಯೇ ಸಂಗತಿ. ಜಗುಲಿಯಲ್ಲಿ ಸರಕಿರುವಾಗ ಮನೆಯ ಯಜಮಾನ ಆಗಾಗ ಕೂಗಿ ಕೇಳುತ್ತಾನೆ: ‘ಇದುವರೆಗಿನದೆಲ್ಲ ಒಳಗೆ ಇಟ್ಟಾಯಿತೇ?’ ಒಳಗಿನಿಂದ ‘ಇಟ್ಟಾಯಿತು’ ಎಂಬ ಉತ್ತರ ಬರುವವರೆಗೂ ಅವನು ಲೆಕ್ಕದ ಪುಸ್ತಕದಲ್ಲಿ ಮುಂದಿನ ಸಾಲು ಬರೆಯುವುದಿಲ್ಲ. ಈ ಕೂಗಿಗೆ ಕಂಪ್ಯೂಟರಿನ ಭಾಷೆಯಲ್ಲಿ ಫ್ಲಶ್ ಎಂದು ಹೆಸರು. ಫೈಲುಗಳನ್ನು ಜೋಡಿಸಿಡಲು ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಲಾಗ್ ಎಂಬ ಪುಸ್ತಕವೊಂದಿದೆ. ಯಾವ ಫೈಲಿಗೆ ಯಾವ ಜಾಗ, ಯಾವ ಫೋಲ್ಡರಿನಲ್ಲಿ ಯಾವ ಹೆಸರು ಎಂಬ ಬದಲಾವಣೆಗಳೆಲ್ಲ ಮೊದಲು ಅದರಲ್ಲಿ ಬರೆದುಕೊಂಡು ಆಮೇಲೆ ಆಗಬೇಕು. ಕರೆಂಟ್ ಹೋಗಿ ಬಂದಾಗ ಆ ಪುಸ್ತಕ ನೋಡಿಯೇ ವಿಂಡೋಸ್ ಮುರಿದದ್ದನ್ನು ಸರಿಪಡಿಸಿಕೊಳ್ಳುತ್ತದೆ. ಎರಡನೆಯ ಟಿಕ್ ಹಾಕಿದಿರೆಂದರೆ ಯಜಮಾನನಿಗೆ ಇನ್ನು ಮೇಲೆ ಕೂಗಿ ಕೇಳಲೇಬೇಡ ಎಂದು ಹೇಳಿದಂತೆ. ಕಾಯುವುದು ತಪ್ಪಿತು, ಆದ್ದರಿಂದ ವೇಗ ಪರೀಕ್ಷೆಯಲ್ಲಿ ಅಂಕ ಏರುತ್ತದೆ. ಆದರೆ ಯಾವುದು ಒಳಗೆ ಹೋಯಿತು, ಯಾವುದು ಜಗುಲಿಯಲ್ಲೇ ಉಳಿಯಿತು ಎಂಬುದಕ್ಕೆ ಯಾರೂ ಜವಾಬ್ದಾರರಲ್ಲ. ಆ ಹೊತ್ತಿಗೆ ಮಳೆ ಬಂದರೆ?

ಆ ಟಿಕ್ ಕೆಳಗೆ ಮೈಕ್ರೋಸಾಫ್ಟಿನವರೇ ಎಚ್ಚರಿಕೆ ಬರೆದಿದ್ದಾರೆ: ಡಿಸ್ಕಿಗೆ ಪ್ರತ್ಯೇಕ ವಿದ್ಯುತ್ ಆಸರೆ ಇದ್ದರೆ ಮಾತ್ರ ಹಾಕಿ ಎಂದು. ಡೇಟಾ ಸೆಂಟರುಗಳಿಗೆ ಮಾಡುವ ಎಸ್‌ಎಸ್‌ಡಿಗಳಲ್ಲಿ ಸಾಲಾಗಿ ಕೆಪ್ಯಾಸಿಟರುಗಳಿರುತ್ತವೆ. ಕರೆಂಟ್ ಹೋದ ಮೇಲೂ ಜಗುಲಿಯ ಸರಕನ್ನು ಒಳಗೆ ಸಾಗಿಸುವಷ್ಟು ಹೊತ್ತು ಅವು ಉಸಿರು ಹಿಡಿದಿರುತ್ತವೆ. ನಾನು, ನೀವು ಅಂಗಡಿಯಲ್ಲಿ ಕೊಳ್ಳುವ ಸಾಮಾನ್ಯ ಎಸ್‌ಎಸ್‌ಡಿಗಳಲ್ಲಿ ಆ ಏರ್ಪಾಡು ಇರುವುದಿಲ್ಲ.

ನಾನು ಈ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ದಾವಣಗೆರೆಯಲ್ಲಿ ನನ್ನ ದುರಸ್ತಿ ಅಂಗಡಿ ಶುರುವಾಗಿ ಹತ್ತು ವರ್ಷವೂ ಆಗಿರಲಿಲ್ಲ, 2016ರ ಜೂನ್. ಮುದ್ರಣಾಲಯವೊಂದರ ಯಂತ್ರಕ್ಕೆ 120 ಜಿಬಿ ಎಸ್‌ಎಸ್‌ಡಿ ಹಾಕಿ, ಇನ್ನಷ್ಟು ಚುರುಕಾಗಲಿ ಎಂದು ಎರಡೂ ಟಿಕ್ ಹಾಕಿಕೊಟ್ಟವಳು ನಾನೇ. ಮೂರನೆಯ ವಾರ ಒಂದು ಸಂಜೆ ಗಾಳಿಮಳೆ. ದೀಪ ಮಿಣುಕಿದ್ದನ್ನು ಕಂಡು ಅಕ್ಷರ ಜೋಡಿಸುವ ಹುಡುಗಿ ಗಾಬರಿಯಲ್ಲಿ ಸೇವ್ ಒತ್ತಿದಳು, ಅದೇ ಗಳಿಗೆಗೆ ಕರೆಂಟ್ ಹೋಯಿತು. ಬೆಳಿಗ್ಗೆ ಅವಳ ಫೋನ್: ‘ಅಕ್ಕಾ, ಫೈಲ್ ಇದೆ, ತೆರೆಯುತ್ತಿಲ್ಲ.’ ಹೋಗಿ ನೋಡಿದೆ. ಹೆಸರು ಸರಿ, ತಾರೀಕು ಸರಿ, ಗಾತ್ರವೂ ಸರಿಯಾಗಿ 3 ಎಂಬಿ. ಫೈಲಿನ ಹಸಿ ಬೈಟುಗಳನ್ನು ತೋರಿಸುವ ತಂತ್ರಾಂಶದಲ್ಲಿ ತೆರೆದೆ. ಮೊದಲ ಸಾಲು ಸೊನ್ನೆ. ಎರಡನೆಯ ಸಾಲು ಸೊನ್ನೆ. ಪುಟದ ಮೇಲೆ ಪುಟ ಇಳಿಸುತ್ತ ಹೋದೆ, ಕೊನೆಯವರೆಗೂ ಬರೀ ಸೊನ್ನೆ. ಲೆಕ್ಕದ ಪುಸ್ತಕದಲ್ಲಿ ಚೀಲದ ಹೆಸರು ಬರೆದಾಗಿತ್ತು, ಚೀಲ ಒಳಗೆ ಬಂದೇ ಇರಲಿಲ್ಲ.

ಟಿಕ್ ಇಲ್ಲದಿದ್ದರೂ ಕೊನೆಯ ಒಂದೆರಡು ಸೆಕೆಂಡಿನ ಕೆಲಸ ಹೋಗುವ ಸಾಧ್ಯತೆ ಯಾವಾಗಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಪುಸ್ತಕಕ್ಕೂ ಸರಕಿಗೂ ತಾಳೆ ತಪ್ಪದಂತೆ ಕಾಯುತ್ತಿದ್ದ ಒಂದು ಕಾವಲನ್ನು ಕೈಯಾರೆ ತೆಗೆದದ್ದು ನಾನು. ಅದು ಒಂದು ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, 84 ಪುಟ. ಬೇರೆ ಪ್ರತಿ ಇರಲಿಲ್ಲ. ಆ ರಾತ್ರಿ ಮುದ್ರಣಾಲಯದಲ್ಲೇ ಕುಳಿತು ನಾನು ಕೈಬರಹದ ಹಾಳೆಗಳನ್ನು ಗಟ್ಟಿಯಾಗಿ ಓದಿದೆ, ಅವಳು ಮತ್ತೆ ಬೆರಳಚ್ಚು ಮಾಡಿದಳು. ಮೂವತ್ತೆರಡು ವರ್ಷ ಶಾಲೆಯ ಗಂಟೆ ಹೊಡೆದ ಜವಾನರೊಬ್ಬರು ಪೆನ್ಸಿಲಿನಲ್ಲಿ ಬರೆದುಕೊಟ್ಟ ಎರಡು ಪುಟ ಅದರಲ್ಲಿತ್ತು, ಪುಣ್ಯಕ್ಕೆ ಹಾಳೆ ಉಳಿದಿತ್ತು. ಮುನ್ನುಡಿಯನ್ನು ಮಾತ್ರ ಮುಖ್ಯೋಪಾಧ್ಯಾಯರು ಎದುರಿಗೆ ಕುಳಿತು ಬಾಯಲ್ಲಿ ಹೇಳಿ ಬರೆಸಿದ್ದರು. ಅದಕ್ಕೆ ಹಾಳೆಯೇ ಇರಲಿಲ್ಲ. ಮರುದಿನ ಅವರು ಮತ್ತೆ ಬಂದು ಹೇಳಿದರು, ಆದರೆ ಹುಡುಗಿ ನನ್ನ ಕಿವಿಯಲ್ಲಿ ‘ಮೊನ್ನೆಯದು ಇದಕ್ಕಿಂತ ಚೆನ್ನಾಗಿತ್ತು ಅಕ್ಕಾ’ ಎಂದಳು. ಅಂದಿನಿಂದ ಯಾರ ಯಂತ್ರದಲ್ಲೂ ನಾನು ಆ ಟಿಕ್ ಹಾಕಿಲ್ಲ.

ಇನ್ನು ಸವೆತದ ಭಯ. ನಿಮ್ಮ ಅಳಿಯನ ಪಟ್ಟಿ ಇಂದಿನದಲ್ಲ. 2008ರ ಸೆಪ್ಟೆಂಬರಿನಲ್ಲಿ ಇಂಟೆಲ್ ಎಕ್ಸ್25-ಎಂ ಬಂದಾಗ ಅದರ ಗಾತ್ರ 80 ಜಿಬಿ, ಬೆಲೆ ಸಾಮಾನ್ಯರ ಕೈಗೆ ಎಟುಕದ್ದು. ಆಗಿನ ವಿಂಡೋಸಿಗೆ ಎಸ್‌ಎಸ್‌ಡಿ ಎಂದರೇನೆಂದೇ ತಿಳಿದಿರಲಿಲ್ಲ, ಅದನ್ನೂ ತಿರುಗುವ ಡಿಸ್ಕೆಂದೇ ತಿಳಿದು ಡಿಫ್ರಾಗ್ (ಚದುರಿದ ಫೈಲ್ ತುಣುಕುಗಳನ್ನು ಒಂದೆಡೆ ಸೇರಿಸುವ ಕೆಲಸ) ಮಾಡುತ್ತಿತ್ತು. ಆ ಕಾಲಕ್ಕೆ ಇಂಥ ಪಟ್ಟಿಗಳಲ್ಲಿ ಅರ್ಥವಿತ್ತು. 2009ರಲ್ಲಿ ಬಂದ ವಿಂಡೋಸ್ 7 ಎಸ್‌ಎಸ್‌ಡಿಯನ್ನು ಗುರುತಿಸಿ ಡಿಫ್ರಾಗ್ ತಾನೇ ನಿಲ್ಲಿಸಿತು, ಅಳಿಸಿದ ಜಾಗವನ್ನು ಡಿಸ್ಕಿಗೆ ತಿಳಿಸುವ ಟ್ರಿಮ್ ಎಂಬ ಆಜ್ಞೆಯನ್ನೂ ಕಲಿತುಕೊಂಡಿತು. ಕಾಲ ಸರಿಯಿತು, ಪಟ್ಟಿ ಮಾತ್ರ ಕೈಯಿಂದ ಕೈಗೆ ಹಾಗೇ ಬರುತ್ತಿದೆ.

ನಿಮ್ಮದೇ ಲೆಕ್ಕ ತೆಗೆದುಕೊಳ್ಳಿ. ಮೂರು ವರ್ಷಕ್ಕೆ 11 ಟಿಬಿ ಎಂದರೆ ದಿನಕ್ಕೆ ಹತ್ತಿರ ಹತ್ತಿರ 10 ಜಿಬಿ. ಡಿಟಿಪಿ ಕೆಲಸಕ್ಕೆ ಇದು ಸಹಜ. 500 ಜಿಬಿಯ ಎಸ್‌ಎಸ್‌ಡಿಗೆ ಎಷ್ಟು ಬರೆಯುವವರೆಗೆ ಕಂಪನಿ ವಾರಂಟಿ ಕೊಡುತ್ತದೆ ಎಂಬುದು ಪೆಟ್ಟಿಗೆಯ ಮೇಲೋ ಮಾಹಿತಿ ಪತ್ರದಲ್ಲೋ ಇರುತ್ತದೆ. ಸ್ಯಾಮ್‌ಸಂಗ್ 870 ಇವೊಗೆ ಅದು 300 ಟಿಬಿ. ನಿಮ್ಮ ವೇಗದಲ್ಲಿ ಅಷ್ಟು ಬರೆಯಲು ಎಂಬತ್ತು ವರ್ಷ ಬೇಕು. ಅದಕ್ಕಿಂತ ಎಷ್ಟೋ ಮೊದಲೇ ನಿಮ್ಮ ಮದರ್‌ಬೋರ್ಡ್ ಹೋಗುತ್ತದೆ, ಇಲ್ಲವೇ ಎಸ್‌ಎಸ್‌ಡಿಯ ಕಂಟ್ರೋಲರ್ ಚಿಪ್ಪೇ ಹೋಗುತ್ತದೆ. ಅದಕ್ಕೂ ಸವೆತಕ್ಕೂ ಸಂಬಂಧವಿಲ್ಲ.

ಪೇಜ್ ಫೈಲ್ ವಿಷಯ. ರ‍್ಯಾಮಿನಲ್ಲಿ ಹಿಡಿಸದ್ದನ್ನು ವಿಂಡೋಸ್ ಇಳಿಸಿಡುವ ಜಾಗ ಅದು. ವಿಂಡೋಸ್ 7 ಹೊರಬರುವ ಮುನ್ನ ಮೈಕ್ರೋಸಾಫ್ಟಿನ ಎಂಜಿನಿಯರುಗಳು ತಮ್ಮ ಅಳತೆಯನ್ನು ಪ್ರಕಟಿಸಿದ್ದರು: ಪೇಜ್ ಫೈಲಿನಲ್ಲಿ ಒಂದು ಸಲ ಬರೆದರೆ ಸುಮಾರು 40 ಸಲ ಓದುವುದಿರುತ್ತದೆ, ಓದುವುದೂ ಬಹುಪಾಲು ಪುಟ್ಟ ಪುಟ್ಟ ತುಣುಕುಗಳಲ್ಲಿ. ಎಸ್‌ಎಸ್‌ಡಿಗೆ ಹೇಳಿ ಮಾಡಿಸಿದ ಕೆಲಸ ಇದು. ಹಾರ್ಡ್ ಡಿಸ್ಕಿನಲ್ಲಾದರೆ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆಗೂ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಹಿಡಿಯುತ್ತದೆ, ಬೇಕಾದ ಜಾಗ ಸೂಜಿಯ ಕೆಳಗೆ ಬರುವವರೆಗೆ ಕಾಯಬೇಕು. 8 ಜಿಬಿ ರ‍್ಯಾಮಿನಲ್ಲಿ ದೊಡ್ಡ ಚಿತ್ರಗಳ ಬ್ಯಾನರ್ ಮಾಡುವಾಗ ಯಂತ್ರ ತೆವಳುವುದನ್ನು ನೀವೇ ನೋಡಬೇಕಾಗುತ್ತದೆ. ಸಾಗಿಸಬೇಡಿ.

ಸಿಸ್‌ಮೇನನ್ನೂ ಮುಟ್ಟಬೇಡಿ. ವಿಂಡೋಸ್ ವಿಸ್ತಾದಲ್ಲಿ ಸೂಪರ್‌ಫೆಚ್ ಎಂಬ ಹೆಸರಿನಿಂದ ಬಂದದ್ದೇ ಇದು. ನೀವು ಪದೇ ಪದೇ ಬಳಸುವ ತಂತ್ರಾಂಶಗಳನ್ನು ಗಮನಿಸಿ ಮೊದಲೇ ರ‍್ಯಾಮಿಗೆ ತಂದಿಡುವುದು ಅದರ ಕೆಲಸ. ರ‍್ಯಾಮಿನೊಳಗಿನ ಪುಟಗಳನ್ನು ಒತ್ತಿ ಚಿಕ್ಕದಾಗಿಸುವ ಏರ್ಪಾಡೂ ವಿಂಡೋಸ್ 10ರಿಂದೀಚೆಗೆ ಇದರ ಜೊತೆ ಸೇರಿಕೊಂಡಿದೆ. 8 ಜಿಬಿಯ ಯಂತ್ರಕ್ಕೆ ಅದು ದೊಡ್ಡ ಉಪಕಾರ.

ರ‍್ಯಾಮಿನಲ್ಲಿ ಕ್ಯಾಶ್ ಮಾಡುವ ತಂತ್ರಾಂಶ ಬೇಡವೇ ಬೇಡ, ಏಕೆಂದರೆ ವಿಂಡೋಸ್ ಆ ಕೆಲಸವನ್ನು ಈಗಾಗಲೇ ಮಾಡುತ್ತಿದೆ. ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ನಲ್ಲಿ ‘ಮೆಮೊರಿ’ ಒತ್ತಿ. ಕೆಳಗೆ ‘ಕ್ಯಾಶ್ಡ್’ ಎಂದು ಒಂದು ಅಂಕಿ ಕಾಣುತ್ತದೆ. ಬೆಳಿಗ್ಗೆ ಯಂತ್ರ ಹಚ್ಚಿದಾಗ ಒಮ್ಮೆ, ಮಧ್ಯಾಹ್ನ ಹತ್ತಾರು ಫೈಲು ತೆರೆದು ಮುಚ್ಚಿದ ಮೇಲೆ ಒಮ್ಮೆ ಅದನ್ನು ನೋಡಿ. ಒಮ್ಮೆ ಓದಿದ್ದನ್ನು ಖಾಲಿ ಇರುವ ರ‍್ಯಾಮಿನಲ್ಲಿ ಉಳಿಸಿಕೊಂಡು, ಬೇರೆ ತಂತ್ರಾಂಶ ಜಾಗ ಕೇಳಿದ ಕೂಡಲೇ ಬಿಟ್ಟುಕೊಡುವುದು ಅದರ ಕ್ರಮ. ಎಸ್‌ಎಸ್‌ಡಿ ಎಷ್ಟೇ ವೇಗದ್ದಾದರೂ ಒಂದು ತುಣುಕು ಓದಲು ಸುಮಾರು 100 ಮೈಕ್ರೊಸೆಕೆಂಡ್ ಬೇಕು, ರ‍್ಯಾಮಿಗೆ ಸುಮಾರು 100 ನ್ಯಾನೊಸೆಕೆಂಡ್ ಸಾಕು. ಸಾವಿರ ಪಟ್ಟಿನ ಅಂತರ. ಹಾಗಾಗಿ ‘ಎಸ್‌ಎಸ್‌ಡಿ ಬಂದ ಮೇಲೆ ಕ್ಯಾಶ್ ಯಾಕೆ’ ಎಂಬ ವಾದಕ್ಕೂ ಬಲವಿಲ್ಲ. ಹೊರಗಿನ ತಂತ್ರಾಂಶ ಹಾಕಿದರೆ ಅದೇ ರ‍್ಯಾಮಿಗೆ ಇಬ್ಬರು ಕೈಚಾಚಿದಂತಾಗುತ್ತದೆ. ಆಮೇಲೆ ವೇಗ ಪರೀಕ್ಷೆ ಓಡಿಸಿದಾಗ ಪರದೆಯ ಮೇಲೆ ಹಾರುವ ಅಂಕಿಗಳು ನಿಮ್ಮ ಡಿಸ್ಕಿನವಲ್ಲ, ರ‍್ಯಾಮಿನವು.

ಒಂದೇ ಒಂದು ಕಡೆ ಕಣ್ಣುಹಾಯಿಸಿ. ಸ್ಟಾರ್ಟ್ ಮೆನುವಿನಲ್ಲಿ ‘ಡಿಫ್ರಾಗ್’ ಎಂದು ಹುಡುಕಿದರೆ ‘ಆಪ್ಟಿಮೈಜ್ ಡ್ರೈವ್ಸ್’ ಸಿಗುತ್ತದೆ. ಅಲ್ಲಿ ನಿಮ್ಮ ಸಿ ಡ್ರೈವಿನ ಎದುರು ‘ಸಾಲಿಡ್ ಸ್ಟೇಟ್ ಡ್ರೈವ್’ ಎಂದಿದೆಯೇ, ವಾರಕ್ಕೊಮ್ಮೆ ಓಡುವಂತೆ ಇದೆಯೇ ನೋಡಿ. ಇದ್ದರೆ ಟ್ರಿಮ್ ಕೆಲಸ ನಡೆಯುತ್ತಿದೆ, ಮುಚ್ಚಿಬಿಡಿ.

ಖರ್ಚು ಮಾಡುವ ಮನಸ್ಸಿದ್ದರೆ ಈ ವಾರವೇ ಯುಪಿಎಸ್ ಬ್ಯಾಟರಿ ಬದಲಿಸಿ. ಕೈಯಲ್ಲಿ ಇನ್ನೂ ಉಳಿದರೆ ರ‍್ಯಾಮನ್ನು 16 ಜಿಬಿಗೆ ಏರಿಸಿ, ಆ ‘ಕ್ಯಾಶ್ಡ್’ ಅಂಕಿ ತಾನೇ ಬೆಳೆಯುತ್ತದೆ. ಹಳೆಯ ಹಾರ್ಡ್ ಡಿಸ್ಕನ್ನು ದಿನದ ಕೊನೆಗೆ ಕೆಲಸದ ಫೋಲ್ಡರನ್ನು ನಕಲು ಮಾಡಿಡಲು ಇಟ್ಟುಕೊಳ್ಳಿ. ಅಳಿಯನನ್ನು ಬೈಯಬೇಡಿ, ಪಾಪ, ಮಾವನ ಅಂಗಡಿ ಚೆನ್ನಾಗಿ ನಡೆಯಲಿ ಎಂದೇ ಬರೆದುಕೊಟ್ಟಿದ್ದಾನೆ.

ಪ್ರಶ್ನೆ: ನನ್ನ ಲ್ಯಾಪ್‌ಟಾಪಿನಲ್ಲಿ ಉಬುಂಟು ಇದೆ, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಹಾಸ್ಟೆಲಿನ ಸೀನಿಯರ್ ಒಬ್ಬರು ಸ್ವಾಪಿನೆಸ್ ಅನ್ನು 60ರಿಂದ 1ಕ್ಕೆ ಇಳಿಸು, ಡರ್ಟಿ ರೇಶಿಯೋವನ್ನು 80ಕ್ಕೆ ಏರಿಸು, ಡಿಸ್ಕಿನ ಕಮಿಟ್ ಅವಧಿಯನ್ನು 600 ಸೆಕೆಂಡ್ ಮಾಡು ಎನ್ನುತ್ತಾರೆ. ಎಸ್‌ಎಸ್‌ಡಿಗೆ ಒಳ್ಳೆಯದೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಉತ್ತರ: ಮೂರರಲ್ಲಿ ಕೊನೆಯದು ಅಪಾಯದ್ದು, ಅದನ್ನು ಮೊದಲು ಬಿಡು. ಫೈಲುಗಳನ್ನು ಜೋಡಿಸಿಡಲು ಉಬುಂಟು ಬಳಸುವ ಎಕ್ಸ್‌ಟಿ4 ಪದ್ಧತಿ ತನ್ನ ಲೆಕ್ಕದ ಪುಸ್ತಕವನ್ನು 5 ಸೆಕೆಂಡಿಗೊಮ್ಮೆ ಡಿಸ್ಕಿಗೆ ಒಪ್ಪಿಸುತ್ತದೆ. 600 ಎಂದರೆ ಹತ್ತು ನಿಮಿಷ. ನಿನ್ನ ಲ್ಯಾಪ್‌ಟಾಪಿನ ಬ್ಯಾಟರಿ ಹಳೆಯದಾಗಿ, 30 ಪ್ರತಿಶತ ತೋರಿಸುತ್ತಿರುವಾಗಲೇ ಒಮ್ಮೆಗೇ ಕಣ್ಣುಮುಚ್ಚುವ ದಿನ ಬರುತ್ತದೆ. ಅಂದು ಹತ್ತು ನಿಮಿಷದವರೆಗಿನ ಪ್ರಾಜೆಕ್ಟ್ ಕೆಲಸ ಹೋಗಬಹುದು.

ಡರ್ಟಿ ಎಂದರೆ ಇಲ್ಲಿ ಕೊಳಕು ಎಂದಲ್ಲ, ಜಗುಲಿಗೆ ಬಂದಿದೆ, ಇನ್ನೂ ಒಳಗೆ ಸೇರಿಲ್ಲ ಎಂದರ್ಥ. ಉಬುಂಟುವಿನ ತಿರುಳಾದ ಲಿನಕ್ಸ್ ಕರ್ನಲ್ ಸಾಮಾನ್ಯವಾಗಿ ಬಳಸಬಹುದಾದ ರ‍್ಯಾಮಿನ 10 ಪ್ರತಿಶತ ತುಂಬಿದಾಗ ಹಿನ್ನೆಲೆಯಲ್ಲಿ ಬರೆಯಲು ಶುರುಮಾಡುತ್ತದೆ, 20 ಪ್ರತಿಶತಕ್ಕೆ ಬಂದರೆ ಬರೆಯುತ್ತಿರುವ ತಂತ್ರಾಂಶವನ್ನೇ ತಡೆದು ನಿಲ್ಲಿಸುತ್ತದೆ. 30 ಸೆಕೆಂಡಿಗಿಂತ ಹಳೆಯದಾದದ್ದನ್ನು ಹೇಗಿದ್ದರೂ ಬರೆದುಬಿಡುತ್ತದೆ. ನಿನಗೆ ಈ ಜಗುಲಿ ಕಣ್ಣಿಗೆ ಕಾಣಬೇಕೆಂದರೆ ಒಂದು ಸಿನಿಮಾ ಫೈಲನ್ನು ಪೆನ್ ಡ್ರೈವಿಗೆ ನಕಲು ಮಾಡು. ಪಟ್ಟಿ ಸರ್ರನೆ ಓಡಿ ನೂರಕ್ಕೆ ಮುಟ್ಟುತ್ತದೆ. ಆದರೆ ‘ಇಜೆಕ್ಟ್’ ಒತ್ತಿದರೆ ನಿಮಿಷಗಟ್ಟಲೆ ಬಿಡುವುದಿಲ್ಲ, ಸರಕು ರ‍್ಯಾಮಿನಿಂದ ಆಗಷ್ಟೇ ಇಳಿಯುತ್ತಿರುತ್ತದೆ. 80ಕ್ಕೆ ಏರಿಸಿದರೆ ಈ ಕಾಯುವಿಕೆ ಇನ್ನೂ ಉದ್ದವಾಗುತ್ತದೆ. ಬದಲಿಸಲೇಬೇಕೆಂದರೆ ಇಳಿಸುವ ಕಡೆಗೆ ಹೋಗು, ಏರಿಸುವ ಕಡೆಗಲ್ಲ.

ಸ್ವಾಪಿನೆಸ್ ಎಂದರೆ ರ‍್ಯಾಮಿನಲ್ಲಿರುವುದನ್ನು ಡಿಸ್ಕಿಗೆ ಇಳಿಸಲು ಕರ್ನಲ್ ತೋರುವ ಒಲವು. ಅದನ್ನು 10 ಮಾಡಿಕೊಂಡರೆ ಹಾನಿಯಿಲ್ಲ. 1 ಮಾಡಿದರೆ ರ‍್ಯಾಮ್ ಬಿಗಿಯಾದಾಗ ಕರ್ನಲ್ ಬಳಕೆಯಲ್ಲಿರುವ ಫೈಲ್ ಕ್ಯಾಶನ್ನೇ ಕಿತ್ತು ಎಸೆಯುತ್ತದೆ, ಎಸೆದದ್ದನ್ನೇ ಮತ್ತೆ ಓದಿಕೊಳ್ಳುತ್ತದೆ. ವಾರಕ್ಕೊಮ್ಮೆ ಟ್ರಿಮ್ ಮಾಡುವ ಏರ್ಪಾಡು ಉಬುಂಟುವಿನಲ್ಲಿ ಮೊದಲಿನಿಂದಲೇ ಇರುತ್ತದೆ. ಫೈಲ್ ಓದಿದಾಗಲೆಲ್ಲ ಸಮಯ ಬರೆದಿಡುವ ಹಳೆಯ ಚಾಳಿಯನ್ನು ಕರ್ನಲ್ 2009ರಲ್ಲೇ ಬಿಟ್ಟಿದೆ. ಸೀನಿಯರ್ ಹೇಳಿದ್ದನ್ನು ಒಂದೊಂದಾಗಿ ಬದಲಿಸಿ, ಏನಾಗುತ್ತದೆಂದು ಅಳೆದು ನೋಡುವ ಆಸೆಯಿದ್ದರೆ ಖಂಡಿತ ನೋಡು, ಕಲಿಯುವ ವಯಸ್ಸು. ಪ್ರಾಜೆಕ್ಟ್ ಇರುವ ಯಂತ್ರದಲ್ಲಿ ಬೇಡ.

ಪ್ರಶ್ನೆ: ಮನೆಯವರ ಮೂವತ್ತು ವರ್ಷದ ಫೋಟೊಗಳನ್ನು ಸ್ಕ್ಯಾನ್ ಮಾಡಿಸಿ ಹೊರಗಿನಿಂದ ಜೋಡಿಸುವ ಎಸ್‌ಎಸ್‌ಡಿಯಲ್ಲಿ ಇಟ್ಟಿದ್ದೇನೆ. ಕೆಲಸ ಮುಗಿದ ಮೇಲೆ ನೇರವಾಗಿ ಕಿತ್ತರೆ ತೊಂದರೆಯೇ?
— ನಿವೃತ್ತ ಶಿಕ್ಷಕಿ, ಮಂಡ್ಯ

ಉತ್ತರ: 2018ರ ಕೊನೆಯಲ್ಲಿ ಬಂದ ವಿಂಡೋಸ್ 10ರ 1809 ಆವೃತ್ತಿಯಿಂದ ಹೊರಗಿನ ಡಿಸ್ಕುಗಳಿಗೆ ‘ಕ್ವಿಕ್ ರಿಮೂವಲ್’ ಎಂಬ ಕ್ರಮವೇ ಮೊದಲಿನಿಂದ ಇರುತ್ತದೆ, ಅಂದರೆ ವಿಂಡೋಸ್ ಸರಕನ್ನು ಜಗುಲಿಯಲ್ಲಿ ಉಳಿಸಿಕೊಳ್ಳುವುದಿಲ್ಲ. ಆದರೂ ಮೇಡಂ, ನೀವು ‘ಸೇಫ್ಲಿ ರಿಮೂವ್’ ಒತ್ತಿ, ದೀಪ ಮಿನುಗುವುದು ನಿಂತ ಮೇಲೆಯೇ ಕೀಳಿ. ಯಾರಾದರೂ ‘ಬೆಟರ್ ಪರ್ಫಾರ್ಮೆನ್ಸ್’ ಎಂದು ಬದಲಿಸಿಕೊಟ್ಟಿದ್ದರೆ ಅದು ಕಡ್ಡಾಯ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಎಸ್‌ಎಸ್‌ಡಿಯನ್ನು ಬೀರುವಿನಲ್ಲಿಟ್ಟು ವರ್ಷಗಟ್ಟಲೆ ಮರೆಯಬೇಡಿ. ಅದರಲ್ಲಿ ಮಾಹಿತಿ ಉಳಿಯುವುದು ಹಿಡಿದಿಟ್ಟ ವಿದ್ಯುದಂಶದ ರೂಪದಲ್ಲಿ, ಅದು ಮೆಲ್ಲಗೆ ಸೋರುತ್ತದೆ. ಬರೆಯುವ ಆಯುಷ್ಯ ಪೂರ್ತಿ ಮುಗಿಸಿದ ಎಸ್‌ಎಸ್‌ಡಿ ಕೂಡ ಕರೆಂಟಿಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕು ಎಂಬುದು ಜೆಡೆಕ್ ಎಂಬ ಸಂಸ್ಥೆ ಮನೆಬಳಕೆಯ ಡಿಸ್ಕುಗಳಿಗೆ ಹಾಕಿದ ಅಳತೆ. ನಿಮ್ಮ ಹೊಸ ಡಿಸ್ಕ್ ಅದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ, ಆದರೂ ಆರು ತಿಂಗಳಿಗೊಮ್ಮೆ ಜೋಡಿಸಿ ಮಕ್ಕಳಿಗೆ ಫೋಟೊ ತೋರಿಸಿ. ಎರಡನೆಯ ಪ್ರತಿಯೊಂದನ್ನು ಮಾಮೂಲಿ ಹಾರ್ಡ್ ಡಿಸ್ಕಿನಲ್ಲಿ ಮಾಡಿಸಿ, ನಿಮ್ಮ ಮನೆಯಲ್ಲಿ ಬೇಡ, ಬೇರೆ ಊರಿನಲ್ಲಿರುವ ನೆಂಟರೊಬ್ಬರ ಮನೆಯಲ್ಲಿ ಇಡಿ.